ಚರಿಗೆಯ ಚಿತ್ರದಲ್ಲಿ ಚರಿಗೆಯಷ್ಟೇ ಕಾಣದಿರಲು

ಜಮಖಂಡಿಯ ಅಕ್ಕನವರೇ, ಸ್ಟೀಲ್ ಚರಿಗೆ, ವಾಟಿಗಳನ್ನು (ಬಟ್ಟಲುಗಳನ್ನು) ಎಷ್ಟು ಬಗೆಯಲ್ಲಿ ಜೋಡಿಸಿ ಫೋಟೊ ತೆಗೆದರೂ ಅಮೂರ್ತ ಚಿತ್ರವಾಗದೆ ಪಾತ್ರೆ ಅಂಗಡಿಯ ಜಾಹೀರಾತಿನಂತೆ ಕಾಣುತ್ತದೆ ಎಂದು ಕೇಳಿದ್ದೀರಿ. ನೀವು ಹಾಕಿರುವ ಮೂರೂ ಚಿತ್ರಗಳಲ್ಲಿ ಪಾತ್ರೆ ಇಡಿಯಾಗಿ ಕಾಣುತ್ತಿದೆ, ಟ್ಯೂಬ್‌ಲೈಟಿನ ಬೆಳಕು ಎಲ್ಲ ಕಡೆಗೂ ಸಮನಾಗಿ ಬಿದ್ದಿದೆ. ಬಾಯಿ, ಕಂಠ, ಬುಡ ಒಟ್ಟಿಗೆ ಕಂಡೊಡನೆ ನೋಡುವವರು ‘ಚರಿಗೆ’ ಎಂದು ಗುರುತಿಸಿ ಮುಂದೆ ಸಾಗುತ್ತಾರೆ. ಆ ಗುರುತು ಸ್ವಲ್ಪ ಹೊತ್ತು ಸಿಗದಂತೆ ಮಾಡಬೇಕು. ಅಮೆರಿಕದ ಛಾಯಾಗ್ರಾಹಕ ಪಾಲ್ ಸ್ಟ್ರ್ಯಾಂಡ್ 1916ರಲ್ಲಿ ಅಡುಗೆಮನೆಯ ನಾಲ್ಕು ಬಟ್ಟಲುಗಳನ್ನು ತೀರ ಹತ್ತಿರದಿಂದ ತೆಗೆದು, ಅಂಚಿನ ಬಾಗು ಮತ್ತು ನೆರಳುಗಳಿಂದಲೇ ಇಡೀ ಚಿತ್ರವನ್ನು ಕಟ್ಟಿದ್ದರು. ನೀವೂ ಚರಿಗೆಯ ಕಂಠ ಮತ್ತು ವಾಟಿಯ ಅಂಚು ಸೇರುವ ಜಾಗವನ್ನಷ್ಟೇ ಉಳಿಸಿಕೊಂಡು ನೋಡಿರಿ.

ಬೆಳಕಿಗೆ ನಿಮ್ಮ ಹಳೆಯ ಮಾಳಿಗೆ ಮನೆಯೇ ಸಾಕು. ನಡುಹಗಲಿನಲ್ಲಿ ಬಾಗಿಲು ಮುಚ್ಚಿದರೆ ಛಾವಣಿಯ ಬೆಳಕಿಂಡಿಯಿಂದ ಇಳಿಯುವ ಬಿಸಿಲೊಂದೇ ಉಳಿಯುತ್ತದೆ, ನೆರಳು ಗಟ್ಟಿಯಾಗಿ ಬೀಳುತ್ತದೆ. ಸೂರ್ಯ ಗಂಟೆಗೆ 15 ಡಿಗ್ರಿಯಷ್ಟು ಸರಿಯುವುದರಿಂದ, ಮಾಳಿಗೆ 10 ಅಡಿ ಎತ್ತರವಿದ್ದರೆ ಬಿಸಿಲಿನ ಚೌಕ 4 ನಿಮಿಷಕ್ಕೆ ಸುಮಾರು 2 ಇಂಚು ಜರುಗುತ್ತದೆ. ಆದ್ದರಿಂದ ಪಾತ್ರೆಗಳನ್ನು ಬಿಸಿಲು ಬರುವ ದಾರಿಯಲ್ಲಿ ಮೊದಲೇ ಜೋಡಿಸಿಟ್ಟು, ಅದು ಅಂಚನ್ನು ಮುಟ್ಟುವವರೆಗೆ ಕಾಯಬೇಕು. ನನ್ನ ಮಟ್ಟಿಗೆ ಈ ಕಾಯುವಿಕೆಯೇ ಈ ಹವ್ಯಾಸದ ಅತ್ಯಂತ ಸಂತೋಷದ ಭಾಗ.

ಸ್ಟೀಲಿನ ಹೊಳಪಿಗೆ ಕ್ಯಾಮೆರಾದ ಮುಂದೆ ಹಾಕುವ ಪೋಲರೈಸರ್ ಫಿಲ್ಟರ್ ಕೊಳ್ಳಲು ನಿಮಗೆ ಉತ್ತರಿಸಿದ ಇನ್ನೊಬ್ಬರು ಹೇಳಿದ್ದಾರೆ. ಅದು ನೀರು, ಗಾಜುಗಳ ಮೇಲಿನ ಹೊಳಪನ್ನು ತಗ್ಗಿಸುತ್ತದೆಯೇ ಹೊರತು ಲೋಹದ ಮೇಲೆ ಹೆಚ್ಚೇನೂ ಮಾಡಲಾರದು, ಹಣ ಉಳಿಸಿರಿ. ಸ್ಟೀಲ್ ಕನ್ನಡಿಯಂತೆ; ಎದುರಿಗೆ ಏನಿದೆಯೋ ಅದನ್ನೇ ತೋರಿಸುತ್ತದೆ. ಒಂದು ಪಕ್ಕ ಬಿಳಿ ಧೋತರ, ಇನ್ನೊಂದು ಪಕ್ಕ ಕರಿ ಕಂಬಳಿ ತೂಗುಹಾಕಿದರೆ ಚರಿಗೆಯ ಮೈಮೇಲೆ ಅಗಲವಾದ ಬಿಳಿ ಪಟ್ಟೆಯೂ ಅದರ ಬದಿಗೆ ಕಡುಗಪ್ಪು ಅಂಚೂ ಮೂಡುತ್ತವೆ. ನೀವು ಕಂಬಳಿಯ ಹಿಂದೆ ನಿಂತು ಸಂದಿಯಿಂದ ತೆಗೆದರೆ ನಿಮ್ಮ ನೆರಳೂ ಮೊಬೈಲೂ ಅದರಲ್ಲಿ ಕಾಣುವುದಿಲ್ಲ.

ಮೊಬೈಲಿನಲ್ಲಿ ತೀರ ಹತ್ತಿರ ಹೋದರೆ ಆಕಾರ ಉಬ್ಬಿದಂತೆ ಕಾಣುವುದರಿಂದ ಒಂದು ಹೆಜ್ಜೆ ಹಿಂದೆ ನಿಂತು 2 ಪಟ್ಟು ಜೂಮ್ ಬಳಸಿರಿ. ಹೊಳೆಯುವ ಅಂಚಿನ ಮೇಲೆ ಒತ್ತಿ ಹಿಡಿದು ಫೋಕಸ್ ಲಾಕ್ ಮಾಡಿ, ಆ ಅಂಚಿನ ವಿವರ ಮರಳಿ ಕಾಣುವವರೆಗೆ ಮೊಬೈಲಿನಲ್ಲೇ ಚಿತ್ರದ ಬೆಳಕನ್ನು (ಎಕ್ಸ್‌ಪೋಶರ್) ಇಳಿಸಿರಿ.

ಬಣ್ಣ ಬೇಕೆನಿಸಿದಾಗ ಗುಳೇದಗುಡ್ಡದ ಖಣವನ್ನು (ರವಿಕೆ ಬಟ್ಟೆಯನ್ನು) ನೆಲಕ್ಕೆ ಹಾಸಿ, ಅದರಿಂದ ಒಂದು ಗೇಣು ಮೇಲೆ ಗಾಜಿನ ತಟ್ಟೆಯಲ್ಲಿ ನೀರಿಟ್ಟು ಕುಸುಬೆ ಎಣ್ಣೆಯ ಕೆಲವು ಹನಿ ಬಿಡಿರಿ. ಫೋಕಸ್ ಹನಿಗಳ ಮೇಲಿದ್ದಾಗ ನೇಯ್ಗೆ ಮಸುಕಾಗಿ ಬರಿಯ ಬಣ್ಣವಾಗುತ್ತದೆ, ಪ್ರತಿಯೊಂದು ಹನಿಯೂ ಪುಟ್ಟ ಮಸೂರವಾಗಿ ಆ ಬಣ್ಣವನ್ನು ಬಾಗಿಸಿ ತೋರಿಸುತ್ತದೆ. ಫ್ಯಾನ್ ಆರಿಸಿ, ಹನಿಗಳು ಒಂದಕ್ಕೊಂದು ಕೂಡಿಕೊಳ್ಳುವ ಮೊದಲೇ ತೆಗೆಯಿರಿ.