ಪುಣೆಯ ಭೋಸರಿಯಲ್ಲಿ ನನ್ನದೊಂದು ಸಣ್ಣ ಸಿಎನ್‌ಸಿ (ಕಂಪ್ಯೂಟರ್ ನಿಯಂತ್ರಿತ ಯಂತ್ರಗಳ) ವರ್ಕ್‌ಶಾಪ್. ಲಿಂಕ್ಡ್‌ಇನ್‌ನಿಂದ ಆರ್ಡರ್ ಬರುತ್ತಾ?

ಬರುತ್ತೆ. ಆದರೆ ಕಂಪನಿ ಪೇಜಿಗಿಂತ ನಿಮ್ಮ ಸ್ವಂತ ಪ್ರೊಫೈಲಿನಿಂದ ಜಾಸ್ತಿ. ಪುಣೆ ಹತ್ತಿರದ ಕೈಗಾರಿಕಾ ಪ್ರದೇಶ ಚಾಕಣ್ ಕಡೆಯ ಪರ್ಚೇಸ್ ಮ್ಯಾನೇಜರ್ ನಿಮಗೆ ಗೊತ್ತಿಲ್ಲ, ನಿಮ್ಮ ಪರಿಚಯದವರಿಗೆ ಗೊತ್ತಿರಬಹುದು ಅಲ್ವಾ? ಅವರು ನಿಮ್ಮ ಪೋಸ್ಟಿಗೆ ಕಾಮೆಂಟ್ ಹಾಕಿದರೆ, ಅದು ಆ ಮ್ಯಾನೇಜರ್ ಫೀಡ್‌ನಲ್ಲೂ ಕಾಣಿಸಬಹುದು. ಇಂಥ ಪರಿಚಯದವರ ಪರಿಚಯಕ್ಕೆ ಲಿಂಕ್ಡ್‌ಇನ್ 'ಸೆಕೆಂಡ್ ಡಿಗ್ರಿ' ಅನ್ನುತ್ತದೆ. ಕನ್ನಡ ಸಂಘದ ಕಾರ್ಯಕ್ರಮಗಳಲ್ಲಿ ಸಿಗುವ ಇಂಜಿನಿಯರುಗಳಿಂದಲೇ ಶುರು ಮಾಡಿ.

ಸುಮ್ನೆ 'ಗುಡ್ ಮಾರ್ನಿಂಗ್' ಹಾಕಬೇಡಿ. ನೀವು ಟರ್ನಿಂಗ್ (ಲೋಹವನ್ನು ತಿರುಗಿಸುತ್ತಾ ಕೆತ್ತೋದು) ಮಾಡಿದ ಶಾಫ್ಟು, ಪಕ್ಕದಲ್ಲಿ ಮೈಕ್ರೋಮೀಟರ್, ಎಷ್ಟು ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ಒಳಗೆ ಅಳತೆ ಬಂತು ಅಂತ ಎರಡು ಸಾಲು. ಕೊಳ್ಳುವವರ ಕಣ್ಣು ಹೋಗೋದು ಅಲ್ಲಿಗೇ. ಹೆಸರಿನ ಕೆಳಗೆ 'ಮಾಲೀಕ' ಅನ್ನೋ ಬದಲು 'ಸಿಎನ್‌ಸಿ ಟರ್ನಿಂಗ್, ಭೋಸರಿ' ಅಂತಿದ್ದರೆ ಹುಡುಕುವವರಿಗೆ ಬೇಗ ಸಿಗುತ್ತೀರಿ. ಗಿರಾಕಿಯ ಡ್ರಾಯಿಂಗ್ ಮಾತ್ರ ಫೋಟೋದಲ್ಲಿ ಬರದಿರಲಿ.