ಹಡಗಿನ ಕೋಣೆಯಿಲ್ಲದೆ ಗ್ಯಾಲಪಗೋಸ್: ಮುಲುಂಡಿನ ಸದಸ್ಯೆಯ ಪ್ರಶ್ನೆಗೆ ಉತ್ತರ

ಎಲ್ಲರಿಗೂ ನಮಸ್ಕಾರ. ಪ್ರವಾಸಿ ಹಡಗಿನ ದುಬಾರಿ ಕೋಣೆಯನ್ನು ಕಾಯ್ದಿರಿಸದೆ, ಬೆನ್ನಿಗೊಂದು ಚೀಲ ಹಾಕಿಕೊಂಡು ಒಬ್ಬಳೇ ಗ್ಯಾಲಪಗೋಸ್ ದ್ವೀಪಗಳಿಗೆ ಹೋಗಿಬರಬಹುದೇ, ಹನ್ನೆರಡು ದಿನಗಳ ರಜೆ ಸಾಕಾದೀತೇ, ಸಸ್ಯಾಹಾರಿಗೆ ಅಲ್ಲಿ ಊಟ ಸಿಕ್ಕೀತೇ, ಜೊತೆಗೆ ಯಾರೂ ಇಲ್ಲದಿದ್ದರೆ ಬೇಸರವಾಗದೇ ಎಂದು ಮುಂಬೈಯ ಮುಲುಂಡಿನ ಸದಸ್ಯೆಯೊಬ್ಬರು ಮೊನ್ನೆ ಗುಂಪಿನಲ್ಲಿ ಕೇಳಿದ್ದರು. ನಮ್ಮ ಗುಂಪಿನಿಂದ ಅಲ್ಲಿಗೆ ಹಾಗೆ ಹೋಗಿಬಂದವಳು ನಾನೊಬ್ಬಳೇ ಆದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇನೆ. ನೀವು ನನ್ನನ್ನು ಅಕ್ಕ ಎಂದು ಕರೆದು ಕೇಳಿದ್ದೀರಿ; ಹಾಗಾಗಿ ನಡುನಡುವೆ ಅಕ್ಕನ ಗದರಿಕೆ ಬಂದರೆ ಸಹಿಸಿಕೊಳ್ಳಿ.

ಮೊದಲ ಗದರಿಕೆ ಲಸಿಕೆಯ ಕುರಿತಾಗಿ. ನೀವು ವಿಮಾನದ ದರ, ಕ್ಯಾಮೆರಾ, ಚೀಲದ ತೂಕ ಎಲ್ಲವನ್ನೂ ಕೇಳಿದ್ದೀರಿ, ಹಳದಿ ಜ್ವರದ ಮಾತನ್ನೇ ಎತ್ತಿಲ್ಲ. ಗ್ಯಾಲಪಗೋಸ್ ದಕ್ಷಿಣ ಅಮೆರಿಕದ ಎಕ್ವಡಾರ್ ದೇಶಕ್ಕೆ ಸೇರಿದ್ದು, ಆ ದೇಶವು ಹಳದಿ ಜ್ವರವಿರುವ ದೇಶಗಳೆಂದು ಭಾರತ ಸರ್ಕಾರ ಗುರುತಿಸಿರುವ ಪಟ್ಟಿಯಲ್ಲಿದೆ. ಈ ರೋಗದ ವೈರಾಣು ನಮ್ಮ ದೇಶದಲ್ಲಿಲ್ಲ, ಆದರೆ ಅದನ್ನು ಹರಡಬಲ್ಲ ಈಡಿಸ್ ಸೊಳ್ಳೆ ಮುಂಬೈಯ ಪ್ರತಿಯೊಂದು ಹೂಕುಂಡದ ತಟ್ಟೆಯಲ್ಲೂ ಇದೆ. ಆದ್ದರಿಂದಲೇ ಅಲ್ಲಿಂದ ಹೊರಟು ಆರು ದಿನಗಳೊಳಗೆ ಇಲ್ಲಿ ಬಂದಿಳಿಯುವವರ ಬಳಿ ಲಸಿಕೆಯ ಪ್ರಮಾಣಪತ್ರ ಇಲ್ಲದಿದ್ದರೆ ಅವರನ್ನು ಆರು ದಿನಗಳವರೆಗೆ ಪ್ರತ್ಯೇಕವಾಗಿ ಇರಿಸುವ ನಿಯಮವಿದೆ. ಈ ಲಸಿಕೆಯನ್ನು ಸರ್ಕಾರ ಗೊತ್ತುಪಡಿಸಿದ ಕೇಂದ್ರಗಳಲ್ಲಿ ಮಾತ್ರ ಹಾಕುತ್ತಾರೆ. ಅದು ತಿಳಿಯದೆ ನಾನು ಬಡಾವಣೆಯ ದವಾಖಾನೆಗಳನ್ನು ಸುತ್ತಿ ಒಂದು ವಾರವನ್ನು ಕಳೆದುಕೊಂಡೆ. ಹಾಕಿಸಿಕೊಂಡು ಹತ್ತು ದಿನ ಕಳೆದ ಮೇಲೆಯೇ ಪ್ರಮಾಣಪತ್ರಕ್ಕೆ ಮಾನ್ಯತೆ ಬರುತ್ತದೆ, ಆಮೇಲೆ ಅದು ಜೀವನಪರ್ಯಂತ ನಡೆಯುತ್ತದೆ. ಮೊಟ್ಟೆಯ ಅಲರ್ಜಿ ಇರುವವರೂ ಅರವತ್ತು ದಾಟಿದವರೂ ವೈದ್ಯರನ್ನು ಕೇಳದೆ ಹಾಕಿಸಿಕೊಳ್ಳಬಾರದು.

ವೀಸಾದ ನಿಯಮಗಳನ್ನು ಎಕ್ವಡಾರ್‌ನ ರಾಯಭಾರ ಕಚೇರಿಯಿಂದಲೇ ಕೇಳಿ ತಿಳಿಯಿರಿ, ಟ್ರಾವೆಲ್ ಏಜೆಂಟರ ಬಾಯಿಮಾತನ್ನು ನಂಬಬೇಡಿ. ಅಮೆರಿಕದ ಮಾರ್ಗವಾಗಿ ಹೋಗುವುದಾದರೆ, ಬರೀ ವಿಮಾನ ಬದಲಿಸುವುದಕ್ಕೂ ಆ ದೇಶದ ವೀಸಾ ಬೇಕಾಗುತ್ತದೆ ಎಂಬುದನ್ನು ಟಿಕೆಟ್ ಕೊಳ್ಳುವ ಮೊದಲೇ ನೆನಪಿಟ್ಟುಕೊಳ್ಳಿ.

ಹನ್ನೆರಡು ದಿನಗಳ ರಜೆಯಲ್ಲಿ ಹೋಗಲು ಎರಡು, ಬರಲು ಎರಡು ದಿನಗಳು ಖರ್ಚಾಗಿ, ದ್ವೀಪಗಳಲ್ಲಿ ನಿಮಗೆ ಏಳು ಅಥವಾ ಎಂಟು ರಾತ್ರಿಗಳು ಉಳಿಯುತ್ತವೆ. ಮುಂಬೈಯ ಗಡಿಯಾರಕ್ಕೂ ಅಲ್ಲಿಯದಕ್ಕೂ ಹನ್ನೊಂದೂವರೆ ಗಂಟೆಗಳ ಅಂತರವಿರುವುದರಿಂದ ಮೊದಲ ದಿನ ನಿಮ್ಮ ಹಗಲೂ ರಾತ್ರಿಯೂ ತಲೆಕೆಳಗಾಗಿರುತ್ತವೆ. ಆ ದಿನಕ್ಕೆ ಯಾವ ದೋಣಿಯನ್ನೂ ಗೊತ್ತುಮಾಡಬೇಡಿ. ದ್ವೀಪಗಳು ಎಕ್ವಡಾರ್‌ನ ಕರಾವಳಿಯಿಂದ ಸುಮಾರು 1000 ಕಿಲೋಮೀಟರ್ ದೂರದಲ್ಲಿವೆ, ವಿಮಾನಗಳು ಕೀಟೋ ಅಥವಾ ಗ್ವಾಯಾಕಿಲ್ ನಗರದಿಂದ ಹೊರಡುತ್ತವೆ. ಸಾನ್ ಕ್ರಿಸ್ಟೋಬಾಲ್ ದ್ವೀಪದಲ್ಲಿ ಇಳಿದು, ಸಾಂತಾ ಕ್ರೂಸ್ ದ್ವೀಪದ ಪಕ್ಕದ ಬಾಲ್ಟ್ರಾದಿಂದ ಮರಳುವ ಟಿಕೆಟ್ ಕೊಂಡರೆ ಒಂದು ಇಡೀ ದಿನದ ಹಿಂದುಮುಂದಿನ ಓಡಾಟ ತಪ್ಪುತ್ತದೆ. ಹೊರಡುವ ವಿಮಾನ ನಿಲ್ದಾಣದಲ್ಲೇ 20 ಡಾಲರಿನ ಪ್ರವೇಶ ಚೀಟಿಯನ್ನೂ, ಇಳಿದ ಮೇಲೆ ರಾಷ್ಟ್ರೀಯ ಉದ್ಯಾನದ ಶುಲ್ಕವನ್ನೂ ಕಟ್ಟಬೇಕು. ನಾನು ಹೋದಾಗ 100 ಡಾಲರ್ ಇದ್ದ ಆ ಶುಲ್ಕ 2024ರ ಆಗಸ್ಟ್ 1ರಿಂದ ನಮ್ಮಂತಹ ವಿದೇಶಿಯರಿಗೆ 200 ಡಾಲರ್ ಆಗಿದೆ. ಎಕ್ವಡಾರ್‌ನಲ್ಲಿ ನಡೆಯುವುದೇ ಅಮೆರಿಕದ ಡಾಲರ್. ಚಿಕ್ಕ ನೋಟುಗಳನ್ನು ಇಟ್ಟುಕೊಳ್ಳಿ, ಇಸಬೆಲಾ ದ್ವೀಪಕ್ಕೆ ಹೋಗುವ ಮುನ್ನ ನಗದನ್ನು ಸಿದ್ಧಮಾಡಿಕೊಳ್ಳಿ.

ಹಡಗು ಬೇಕೇ ಬೇಡವೇ ಎಂಬುದಕ್ಕೆ ನನ್ನ ಉತ್ತರ ಸ್ಪಷ್ಟವಾಗಿದೆ: ಮೊದಲ ಸಲ ಹೋಗುವವರು, ಅದರಲ್ಲೂ ಒಬ್ಬರೇ ಹೋಗುವವರು, ನೆಲದ ಮೇಲೆಯೇ ಉಳಿಯಬೇಕು. ಜೆನೊವೇಸಾ, ಫೆರ್ನಾಂಡಿನಾದಂತಹ ಜನವಸತಿಯಿಲ್ಲದ ದೂರದ ದ್ವೀಪಗಳನ್ನು ನೋಡಲು ಹಡಗೇ ಬೇಕು, ಹಾರಲಾರದ ಕಾರ್ಮೊರಾಂಟ್ ಹಕ್ಕಿಯ ಮೇಲೆಯೇ ನಿಮ್ಮ ಮನಸ್ಸಿದ್ದರೆ ನನ್ನ ಮಾತನ್ನು ಬದಿಗಿಡಿ. ಉಳಿದವರಿಗೆ ಸಾನ್ ಕ್ರಿಸ್ಟೋಬಾಲ್, ಸಾಂತಾ ಕ್ರೂಸ್, ಇಸಬೆಲಾ ಈ ಮೂರು ಊರುಳ್ಳ ದ್ವೀಪಗಳೇ ಧಾರಾಳವಾಯಿತು. ಸಾನ್ ಕ್ರಿಸ್ಟೋಬಾಲ್‌ನ ಪೇಟೆಯಲ್ಲಿ ದಡದ ಬೆಂಚುಗಳ ಮೇಲೆ ಕಡಲಸಿಂಹಗಳು, ದಾದರಿನ ಪ್ಲಾಟ್‌ಫಾರ್ಮಿನಲ್ಲಿ ಕೊನೆಯ ಲೋಕಲ್ ತಪ್ಪಿಸಿಕೊಂಡವರ ಹಾಗೆ, ಕೈಕಾಲು ಚಾಚಿ ಮಲಗಿರುತ್ತವೆ. ಅಲ್ಲಿನ ತಿಹೆರೇತಾಸ್ ಗುಡ್ಡಕ್ಕೆ ಗೈಡ್ ಇಲ್ಲದೆ ನಡೆದು ಹೋಗಿ ಫ್ರಿಗೇಟ್ ಹಕ್ಕಿಗಳನ್ನು ಕಣ್ಣಿನ ಮಟ್ಟದಲ್ಲೇ ನೋಡಬಹುದು. ಸಾಂತಾ ಕ್ರೂಸ್‌ನ ತೊರ್ತೂಗಾ ಕೊಲ್ಲಿಗೆ ಎರಡೂವರೆ ಕಿಲೋಮೀಟರ್ ಕಾಲುದಾರಿಯಿದೆ. ಮೊದಲು ಸಿಗುವ ಉದ್ದನೆಯ ದಡದಲ್ಲಿ ಸೆಳೆತ ಬಲವಾಗಿರುವುದರಿಂದ ನೀರಿಗಿಳಿಯದೆ, ಅದರಾಚೆಯ ಶಾಂತವಾದ ದಡಕ್ಕೆ ಹೋಗಿ, ಕಡಲ ಇಗ್ವಾನಾ ಎಂಬ ದೊಡ್ಡ ಹಲ್ಲಿಗಳನ್ನು ತುಳಿಯದಂತೆ ಹೆಜ್ಜೆಯಿಡಿ.

ಒಂದು ದ್ವೀಪದಿಂದ ಇನ್ನೊಂದಕ್ಕೆ ಬೆಳಿಗ್ಗೆ ಮತ್ತು ಮಧ್ಯಾಹ್ನ ಹೊರಡುವ ವೇಗದ ದೋಣಿಗಳಿವೆ, ಪ್ರಯಾಣ ಎರಡು ಗಂಟೆಗಿಂತ ಹೆಚ್ಚೇ ಹಿಡಿಯುತ್ತದೆ. ಗೇಟ್‌ವೇಯಿಂದ ಮಾಂಡವಾಕ್ಕೆ ಹೋಗುವ ಲಾಂಚಿನ ಅನುಭವವನ್ನು ನಂಬಿ ಹೊಟ್ಟೆ ತುಂಬ ತಿಂದು ಹತ್ತಬೇಡಿ. ವಾಂತಿಯ ಮಾತ್ರೆಯನ್ನು ಮೊದಲೇ ನುಂಗಿ, ಹಿಂಬದಿಯ ಆಸನವನ್ನು ಕೇಳಿ ಪಡೆಯಿರಿ. ಅಲ್ಲಿನ ಒಂದು ಏಜೆನ್ಸಿಯವರು ಭರ್ತಿಯಾಗಿದ್ದ ದೋಣಿಗೆ ನನಗೆ ಟಿಕೆಟ್ ಮಾರಿದ್ದರಿಂದ ನಾನು ಅರ್ಧ ದಿನ ಕಟ್ಟೆಯ ಮೇಲೆ ಕುಳಿತಿದ್ದೆ. ಟಿಕೆಟ್ ಕೊಂಡಾಗ ದೋಣಿಯ ಹೆಸರನ್ನು ಚೀಟಿಯಲ್ಲಿ ಬರೆಸಿಕೊಳ್ಳಿ.

ಆದರೆ ಆ ಕಟ್ಟೆಯ ಮೇಲೆಯೇ ನನಗೆ ಜೊತೆ ಸಿಕ್ಕಿತು. ಹಾಲೆಂಡಿನ ನಿವೃತ್ತ ಶಿಕ್ಷಕಿಯೊಬ್ಬರೂ, ಚಿಲಿ ದೇಶದ ನರ್ಸ್ ದಂಪತಿಯೂ ಅದೇ ದೋಣಿಯಿಂದ ಹೊರಗುಳಿದಿದ್ದರು. ಬೇಸರವಾಗದೇ ಎಂಬ ನಿಮ್ಮ ಪ್ರಶ್ನೆಗೆ ಇದೇ ಉತ್ತರ: ಹಾಸ್ಟೆಲಿನ ಅಡುಗೆಮನೆ, ದೋಣಿಕಟ್ಟೆ, ನೀರಿನಲ್ಲಿ ಮುಖವಿಟ್ಟು ಉಸಿರಾಡಲು ಬಳಸುವ ಸ್ನಾರ್ಕೆಲ್ ಕೊಳವೆಯ ಬಾಡಿಗೆ ಅಂಗಡಿ, ಈ ಮೂರು ಕಡೆ ನಿಂತರೆ ಸಂಜೆಯೊಳಗೆ ಪರಿಚಯವಾಗುತ್ತದೆ, ಏಕೆಂದರೆ ಅಲ್ಲಿರುವ ಎಲ್ಲರಿಗೂ ನಾಳೆಯ ದೋಣಿಯ ಖರ್ಚನ್ನು ಹಂಚಿಕೊಳ್ಳಲು ಜನ ಬೇಕಾಗಿರುತ್ತಾರೆ. ನಿನ್ನೆ ಯಾವ ಏಜೆನ್ಸಿ ಎಷ್ಟು ತೆಗೆದುಕೊಂಡಿತು, ಯಾವ ಗೈಡ್ ತಾಳ್ಮೆಯಿಂದ ವಿವರಿಸುತ್ತಾನೆ, ಯಾವ ಕೊಲ್ಲಿಯಲ್ಲಿ ಇವತ್ತು ಪೆಂಗ್ವಿನ್ ಕಂಡಿತು ಎಂಬ ಸುದ್ದಿಯನ್ನು ಅವರಿಂದಲೇ ಪಡೆಯಬೇಕು. ಅದಕ್ಕಾಗಿ ನಿಮ್ಮ ಎಂಟು ದಿನಗಳಲ್ಲಿ ಮೂರನ್ನಾದರೂ ಮುಂಬೈಯಿಂದಲೇ ಕಾಯ್ದಿರಿಸದೆ ಖಾಲಿ ಬಿಟ್ಟಿರಿ. ನಮ್ಮವರಿಗೆ ಇದು ಕಷ್ಟವೆಂದು ನನಗೆ ಗೊತ್ತು. ಎರಡು ತಿಂಗಳು ಮೊದಲೇ ಊರಿನ ರೈಲಿನ ಟಿಕೆಟ್ ಮಾಡಿಸಿಡುವ ಜನ ನಾವು.

ಜೊತೆ ಸಿಗುವುದು ಸುಲಭ, ಹೊಂದುವುದು ಬೇರೆ ಸಂಗತಿ. ಸಾಂತಾ ಕ್ರೂಸ್‌ನಲ್ಲಿ ಟ್ಯಾಕ್ಸಿಯೆಂದರೆ ಬಿಳಿಯ ಪಿಕ್‌ಅಪ್ ವಾಹನ. ಶಿಕ್ಷಕಿ, ನಾನು ಮತ್ತು ಆ ಬೆಳಿಗ್ಗೆಯಷ್ಟೇ ಪರಿಚಯವಾದ ಇಬ್ಬರು ಹುಡುಗರು ಬಾಡಿಗೆ ಹಂಚಿಕೊಂಡು ದೈತ್ಯ ಆಮೆಗಳಿರುವ ಎತ್ತರದ ಪ್ರದೇಶಕ್ಕೆ ಹೋದೆವು. ಹುಡುಗರಿಗೆ ಇಪ್ಪತ್ತು ನಿಮಿಷಗಳಲ್ಲಿ ಫೋಟೋ ಮುಗಿಯಿತು. ಶಿಕ್ಷಕಿಯವರು ಬಿದ್ದ ಸೀಬೆಹಣ್ಣನ್ನು ಜಗಿಯುತ್ತಿದ್ದ ಒಂದು ಆಮೆಯ ಎದುರು ಒದ್ದೆ ಹುಲ್ಲಿನ ಮೇಲೆ ಕುಳಿತವರು ಒಂದು ಗಂಟೆಯಾದರೂ ಏಳಲಿಲ್ಲ. ನಾನು ಅವರ ಪಕ್ಕದಲ್ಲಿ ಕುಳಿತೆ, ಹುಡುಗರು ವಾಹನದ ಹಾರ್ನ್ ಒತ್ತಿಸುತ್ತಿದ್ದರು. ತಪ್ಪು ಅವರದ್ದೂ ಅಲ್ಲ. ಎಷ್ಟು ಹೊತ್ತು ಇರಬೇಕೆಂದು ಹೊರಡುವ ಮೊದಲು ನಾವು ಮಾತಾಡಿಕೊಂಡಿರಲಿಲ್ಲ. ಬಾಡಿಗೆ ಹಂಚಿಕೊಳ್ಳುವ ಮುನ್ನ ಮರಳುವ ಹೊತ್ತನ್ನು ಗೊತ್ತುಮಾಡಿ, ಪ್ರಾಣಿಯ ಎದುರು ಸುಮ್ಮನೆ ಕೂರಬಲ್ಲವರು ಯಾರೆಂದು ಮೊದಲ ದಿನವೇ ಗುರುತಿಸಿಕೊಂಡು, ಮುಂದಿನ ದೋಣಿಗೆ ಅವರನ್ನೇ ಕರೆಯಿರಿ. ಐರೋಲಿಯಲ್ಲಿ ಫ್ಲೆಮಿಂಗೊ ನೋಡುವ ದೋಣಿಯಲ್ಲಿ ನಾವು ನಮ್ಮನಮ್ಮಲ್ಲೇ ಮಾಡುವ ಲೆಕ್ಕವೂ ಇದೇ ಅಲ್ಲವೇ?

ಆ ಶಿಕ್ಷಕಿಯ ಜೊತೆಯಲ್ಲಿದ್ದುದರಿಂದಲೇ ನಾನು ಗೈಡ್‌ನಿಂದ ಎಸ್ಪನ್ಯೋಲಾ ದ್ವೀಪದ ಆಮೆಗಳ ಕಥೆಯನ್ನು ಪೂರ್ತಿ ಕೇಳಿದ್ದು. ತಿಂಗಳುಗಟ್ಟಲೆ ಆಹಾರ ನೀರಿಲ್ಲದೆ ಬದುಕುವ ಆಮೆಗಳನ್ನು ಹಳೆಯ ಕಾಲದ ನಾವಿಕರು ಜೀವಂತ ಉಗ್ರಾಣವೆಂದು ಹಡಗಿಗೆ ತುಂಬಿಕೊಂಡು ಹೋದರು. ಬಿಟ್ಟುಹೋದ ಆಡುಗಳು ಹುಲ್ಲನ್ನೆಲ್ಲ ಮೇದವು. ಕೊನೆಗೆ ಎಸ್ಪನ್ಯೋಲಾದ ತಳಿಯಲ್ಲಿ ಉಳಿದದ್ದು ಹದಿನೈದು, ಹನ್ನೆರಡು ಹೆಣ್ಣು ಮತ್ತು ಮೂರು ಗಂಡು. ಅವುಗಳಿಂದಲೇ ಸಾಂತಾ ಕ್ರೂಸ್‌ನಲ್ಲಿ ಮರಿಮಾಡಿಸಿ ಸುಮಾರು ಎರಡು ಸಾವಿರ ಆಮೆಗಳನ್ನು ತವರಿಗೆ ಬಿಟ್ಟರು, ಅವುಗಳ ಹೆತ್ತವರನ್ನೂ 2020ರಲ್ಲಿ ಅಲ್ಲಿಗೇ ಮರಳಿಸಿದರು. ಪಿಂಟಾ ದ್ವೀಪದ ತಳಿಗೆ ಆ ಅದೃಷ್ಟವಿರಲಿಲ್ಲ. ಅದರ ಕೊನೆಯ ಆಮೆ ಜಾರ್ಜ್ 2012ರ ಜೂನ್‌ನಲ್ಲಿ ಸತ್ತುಹೋಯಿತು.

ಇದನ್ನು ಕೇಳಿದ ಮೇಲೆ, ಹೊರಗಿನ ಜೀವಿಗಳು ದ್ವೀಪ ಸೇರದಂತೆ ನಡೆಸುವ ಚೀಲದ ತಪಾಸಣೆಗೆ ನೀವು ಬೇಸರಪಡಲಾರಿರಿ. ಹಸಿ ಹಣ್ಣು, ಬೀಜ, ಗಿಡಗಳನ್ನು ಒಯ್ಯುವಂತಿಲ್ಲ, ತಿನಿಸುಗಳನ್ನೆಲ್ಲ ಘೋಷಿಸಬೇಕು. ಸಹ್ಯಾದ್ರಿಯ ಚಾರಣದ ಬೂಟನ್ನೇ ಹಾಕಿಕೊಂಡು ಹೋಗುವುದಾದರೆ ಅಡಿಯ ಕೆಮ್ಮಣ್ಣನ್ನು ಹಳೆಯ ಟೂತ್‌ಬ್ರಷ್‌ನಿಂದ ಉಜ್ಜಿ ತೊಳೆಯಿರಿ. ನಮ್ಮ ಗುಡ್ಡಗಳನ್ನು ನುಂಗಿರುವ ಲಂಟಾನ ಅಲ್ಲಿಯೂ ಹೊರಗಿನಿಂದ ಬಂದು ಬೇರೂರಿದೆ, ಆಮೆ ತಿನ್ನುತ್ತಿದ್ದ ಆ ಸೀಬೆಯೂ ಹಾಗೆ ಬಂದದ್ದೇ. ಪ್ರಾಣಿಗಳಿಂದ ಎರಡು ಮೀಟರ್ ದೂರವಿರಬೇಕೆಂಬುದು ನಿಯಮ. ಕಡಲಸಿಂಹದ ಮರಿ ತಾನಾಗಿಯೇ ಹತ್ತಿರ ಬಂದರೂ ಹಿಂದೆ ಸರಿಯುವುದು ನಿಮ್ಮ ಕೆಲಸ.

ಊಟದ ಚಿಂತೆ ಬೇಡ. ಅನ್ನದ ಜೊತೆಗೆ ಮೆನೆಸ್ತ್ರಾ ಎಂಬ ಕಾಳಿನ ಪಲ್ಯದಂತಹ ಗೊಜ್ಜು, ಪಟಕೋನೆಸ್ ಎಂಬ ಬಾಳೆಕಾಯಿಯನ್ನು ಜಜ್ಜಿ ಕರಿದ ಬಿಲ್ಲೆಗಳು ಎಲ್ಲೆಡೆ ಸಿಗುತ್ತವೆ. ಮಾಂಸ ಬೇಡ, ಮೀನೂ ಬೇಡ, ಕೋಳಿಯೂ ಬೇಡ ಎಂದು ಸ್ಪ್ಯಾನಿಷ್‌ನಲ್ಲಿ ಬರೆದ ಚೀಟಿಯನ್ನು ಇಟ್ಟುಕೊಳ್ಳಿ, ಮೂರನ್ನೂ ಬೇರೆಬೇರೆಯಾಗಿ ಬರೆಯಿರಿ. ಎಂಟು ದಿನ ಅದನ್ನೇ ತಿಂದು ನನಗಂತೂ ಮಾಟುಂಗಾದ ಇಡ್ಲಿ ಕನಸಿನಲ್ಲಿ ಬಂದಿತ್ತು.

ಕಾಲದ ಬಗ್ಗೆ: ಡಿಸೆಂಬರ್‌ನಿಂದ ಮೇ ತನಕ ಸೆಕೆ, ಆಗಾಗ ಮಳೆ, ಬೆಚ್ಚಗಿನ ತಿಳಿನೀರು. ಜೂನ್‌ನಿಂದ ನವೆಂಬರ್ ತನಕ ಮೋಡ, ತುಂತುರು, ಏರುಪೇರಿನ ಕಡಲು. ಹಂಬೋಲ್ಟ್ ಪ್ರವಾಹ ದಕ್ಷಿಣದಿಂದ ತರುವ ತಣ್ಣೀರಿನಿಂದಾಗಿ ಸಮಭಾಜಕದ ಮೇಲೆಯೇ ಪೆಂಗ್ವಿನ್ ಬದುಕುವುದು ಸಾಧ್ಯವಾಗಿದೆ, ಆದರೆ ನಿಮಗೆ ಚಳಿ ತಡೆಯುವ ಬಾಡಿಗೆಯ ಈಜುಡುಗೆ (ವೆಟ್‌ಸೂಟ್) ಬೇಕೇ ಬೇಕು. ನೀವು ಈಜಿಗೆ ಹೊಸಬರಾದ್ದರಿಂದ ಮಾರ್ಚ್ ಅಥವಾ ಏಪ್ರಿಲ್ ಒಳ್ಳೆಯದೆಂದು ನನಗನಿಸುತ್ತದೆ. ಇಸಬೆಲಾದ ಕೊಂಚಾ ದೆ ಪೆರ್ಲಾ ಎಂಬ ಕೊಲ್ಲಿಯಲ್ಲಿ ಗೈಡ್ ಇಲ್ಲದೆ, ಶುಲ್ಕವಿಲ್ಲದೆ ಕಡಲಾಮೆಗಳ ನಡುವೆ ಅಭ್ಯಾಸ ಮಾಡಬಹುದು.

ಸ್ನಾರ್ಕೆಲ್ ಮುಖವಾಡವನ್ನು ಮಾತ್ರ ಇಲ್ಲಿಂದಲೇ ಒಯ್ಯಿರಿ, ಬಾಡಿಗೆಯವು ಸೋರುತ್ತವೆ. ಪಟ್ಟಿ ಹಾಕದೆ ಮುಖಕ್ಕೆ ಒತ್ತಿ ಮೂಗಿನಿಂದ ಉಸಿರೆಳೆದಾಗ ಅದು ಕೈ ಬಿಟ್ಟರೂ ಅಂಟಿಕೊಂಡಿದ್ದರೆ ಅಳತೆ ಸರಿಯಿದೆಯೆಂದು ಅರ್ಥ. ನನ್ನದು ಕಪಾಟಿನಲ್ಲಿ ಸುಮ್ಮನೆ ಬಿದ್ದಿದೆ. ಬರುವ ಭಾನುವಾರ ಐರೋಲಿಯ ದೋಣಿಕಟ್ಟೆಗೆ ತರುತ್ತೇನೆ, ನಿಮ್ಮ ಮುಖಕ್ಕೆ ಕೂತರೆ ತೆಗೆದುಕೊಂಡು ಹೋಗಿ.