ಓದುಗರ ಪ್ರಶ್ನೆ: ಮೇಯರನ್ನು ಆರಿಸುವವರು ಯಾರು?

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ನಗರಸಭೆ, ಮಹಾನಗರಪಾಲಿಕೆಗಳ ಹಳೆಯ ಚುನಾವಣೆಗಳ ಬಗ್ಗೆ. ಗಡಿಯ ಕನ್ನಡಿಗರು ನಾಲ್ಕು ರಾಜ್ಯಗಳ ಕಾನೂನಿನಡಿ ಓಟು ಹಾಕುವವರು. ಒಂದು ಊರಿನ ಲೆಕ್ಕ ಇನ್ನೊಂದು ಊರಿಗೆ ಹೊಂದುವುದಿಲ್ಲ. ಹಾಗಾಗಿ ಊರು ಊರಿಗೆ ಬೇರೆಯಾಗಿಯೇ ಉತ್ತರಿಸಿದ್ದೇವೆ.

ಹೊಸೂರಿನಿಂದ: 1996ರಲ್ಲಿ ಚೆನ್ನೈಯ ಜನ ಮೇಯರನ್ನು ನೇರವಾಗಿ ಆರಿಸಿದರಂತೆ. 2022ರಲ್ಲಿ ನಮ್ಮ ಹೊಸೂರು ಪಾಲಿಕೆಗೆ ಮೊದಲ ಚುನಾವಣೆ ನಡೆದಾಗ ನಮಗೆ ಸಿಕ್ಕಿದ್ದು ವಾರ್ಡ್ ಮೆಂಬರಿನ ಓಟು ಮಾತ್ರ. ಒಂದೇ ರಾಜ್ಯದಲ್ಲಿ ಎರಡು ಪದ್ಧತಿ ಹೇಗೆ?

ಸಂವಿಧಾನದ 74ನೇ ತಿದ್ದುಪಡಿಯಿಂದ ಬಂದ 243ಆರ್ ವಿಧಿಯ ಪ್ರಕಾರ ವಾರ್ಡ್ ಸದಸ್ಯರನ್ನು ಜನರೇ ನೇರವಾಗಿ ಆರಿಸಬೇಕು. ಅಧ್ಯಕ್ಷರನ್ನೋ ಮೇಯರನ್ನೋ ಆರಿಸುವ ಬಗೆಯನ್ನು ಮಾತ್ರ ಅದು ರಾಜ್ಯದ ಶಾಸನಸಭೆಗೆ ಬಿಟ್ಟಿದೆ. ತಮಿಳುನಾಡಿನ ಸರ್ಕಾರಗಳು ಆ ಅಧಿಕಾರವನ್ನು ಪದೇ ಪದೇ ಬಳಸಿವೆ.

ಮದ್ರಾಸ್ ಕಾರ್ಪೊರೇಷನ್ನಿನ ಕೌನ್ಸಿಲನ್ನು 1973ರಲ್ಲಿ ವಿಸರ್ಜಿಸಲಾಯಿತು. ಅಲ್ಲಿಂದ 23 ವರ್ಷ ಅಲ್ಲಿ ಚುನಾವಣೆಯೇ ಇರಲಿಲ್ಲ, ಆಡಳಿತವೆಲ್ಲ ವಿಶೇಷಾಧಿಕಾರಿಗಳ ಕೈಯಲ್ಲಿತ್ತು. 1996ರ ಅಕ್ಟೋಬರಿನಲ್ಲಿ ಚುನಾವಣೆ ನಡೆದಾಗ ಮತದಾರರಿಗೆ ಎರಡು ಓಟು: ಒಂದು ವಾರ್ಡಿನ ಕೌನ್ಸಿಲರಿಗೆ, ಇನ್ನೊಂದು ಮೇಯರಿಗೆ. ಎಂ. ಕೆ. ಸ್ಟಾಲಿನ್ ಹೀಗೆ ನೇರವಾಗಿ ಮೇಯರಾದರು. 2001ರಲ್ಲೂ ಅವರೇ ಗೆದ್ದರು. ಆದರೆ 2002ರಲ್ಲಿ ಒಬ್ಬರೇ ಎರಡು ಚುನಾಯಿತ ಹುದ್ದೆಯಲ್ಲಿರಬಾರದೆಂಬ ಕಾನೂನು ಬಂತು. ಶಾಸಕರೂ ಆಗಿದ್ದ ಅವರು ಮೇಯರ್ ಸ್ಥಾನ ಬಿಟ್ಟರು. 2006ರಲ್ಲಿ ಮೇಯರನ್ನು ಆರಿಸುವ ಕೆಲಸ ಕೌನ್ಸಿಲರುಗಳಿಗೆ ಹೋಯಿತು, 2011ರಲ್ಲಿ ಮತ್ತೆ ಜನರಿಗೆ ಬಂತು. 2016ರಲ್ಲಿ ತಿರುಗಿ ಪರೋಕ್ಷ ಎಂದು ತೀರ್ಮಾನವಾಯಿತಾದರೂ ಮದ್ರಾಸ್ ಹೈಕೋರ್ಟ್ ಆ ಚುನಾವಣೆಯನ್ನೇ ರದ್ದು ಮಾಡಿತು. ನಗರಗಳ ಚುನಾವಣೆ ನಡೆದದ್ದು 2022ರಲ್ಲಿ, ಅದೂ ಪರೋಕ್ಷ ಪದ್ಧತಿಯಲ್ಲಿ.

ಹೊಸೂರು ಪಾಲಿಕೆಯಾದದ್ದು 2019ರಲ್ಲಿ. ಅಲ್ಲಿನ 45 ವಾರ್ಡುಗಳಿಗೆ 2022ರ ಫೆಬ್ರವರಿ 19ರಂದು ಮತದಾನ, 22ರಂದು ಎಣಿಕೆ, ಮಾರ್ಚ್ 2ರಂದು ಕೌನ್ಸಿಲರುಗಳ ಪ್ರಮಾಣವಚನ, ಮಾರ್ಚ್ 4ರಂದು ಮೇಯರ್ ಮತ್ತು ಉಪಮೇಯರ್ ಆಯ್ಕೆ. ನಿಮ್ಮ ಓಟು ಫೆಬ್ರವರಿ 19ಕ್ಕೆ ಮುಗಿಯಿತು. ಮಾರ್ಚ್ 4ರ ಓಟು 45 ಜನರದ್ದು.

ಇದರಿಂದ ಫಲಿತಾಂಶ ಬದಲಾಗುತ್ತದೆಯೇ ಎಂದು ಕೇಳಿದರೆ, ತಲೆಕೆಳಗೇ ಆಗಬಹುದು. ತಲಾ 1,000 ಓಟಿನ ಮೂರು ವಾರ್ಡುಗಳ ಊರೊಂದನ್ನು ಇಟ್ಟುಕೊಳ್ಳಿ. ಮೊದಲ ಪಕ್ಷ ಎರಡು ವಾರ್ಡುಗಳಲ್ಲಿ 510–490ರಿಂದ ಗೆದ್ದು, ಮೂರನೆಯದರಲ್ಲಿ 100–900ರಿಂದ ಸೋತಿತು. ಕೌನ್ಸಿಲಿನಲ್ಲಿ ಅದಕ್ಕೆ 2, ಎದುರಾಳಿಗೆ 1. ಕೌನ್ಸಿಲರುಗಳು ಆರಿಸಿದರೆ ಮೊದಲ ಪಕ್ಷದವರೇ ಮೇಯರ್. ಅದೇ ಓಟುಗಳನ್ನು ಊರಿಡೀ ಒಟ್ಟು ಮಾಡಿದರೆ ಮೊದಲ ಪಕ್ಷಕ್ಕೆ 1,120, ಎದುರಾಳಿಗೆ 1,880. ನೇರ ಚುನಾವಣೆಯಲ್ಲಿ ಎದುರಾಳಿ ಗೆಲ್ಲುತ್ತಿದ್ದರು, ಅದೂ ದೊಡ್ಡ ಅಂತರದಿಂದ. ಹಳೆಯ ಚುನಾವಣೆಯೊಂದರ ಬಗ್ಗೆ ಓದುವಾಗ 'ಜನ ಇವರನ್ನು ಮೇಯರ್ ಮಾಡಿದರು' ಎಂಬ ಸಾಲು ಕಂಡರೆ, ಆ ವರ್ಷ ಆ ಊರಿನಲ್ಲಿ ಮೇಯರಿನ ಓಟು ಯಾರ ಕೈಯಲ್ಲಿತ್ತು ಎಂದು ನೋಡದೆ ನಂಬಬೇಡಿ.

ನೇರ ಆಯ್ಕೆಯಲ್ಲೂ ತೊಡಕಿದೆ. ಶಿಮ್ಲಾದಲ್ಲಿ 2012ರಲ್ಲಿ ಮೇಯರ್, ಉಪಮೇಯರ್ ಎರಡೂ ಹುದ್ದೆಗಳನ್ನು ಜನ ಸಿಪಿಎಂ ಪಕ್ಷಕ್ಕೆ ಕೊಟ್ಟರು. ವಾರ್ಡುಗಳಲ್ಲಿ ಮಾತ್ರ ಆ ಪಕ್ಷಕ್ಕೆ ಬೆರಳೆಣಿಕೆಯ ಸ್ಥಾನ ಬಂತು. ಬಜೆಟ್ಟಿಗೂ ತೆರಿಗೆಯ ನಿರ್ಣಯಕ್ಕೂ ಸಭೆಯ ಬಹುಮತ ಬೇಕಾದ್ದರಿಂದ ಇಂಥ ಮೇಯರ್ ಪ್ರತಿ ಹೆಜ್ಜೆಗೂ ಎದುರು ಪಕ್ಷದ ಮನವೊಲಿಸಬೇಕಾಗುತ್ತದೆ. ಅಲ್ಲಿ 2017ರ ಹೊತ್ತಿಗೆ ಆಯ್ಕೆ ಕೌನ್ಸಿಲರುಗಳ ಕೈಗೆ ಮರಳಿತ್ತು. ಆದರೂ ನಮ್ಮ ಅಭಿಪ್ರಾಯದಲ್ಲಿ ಯಾವ ಪದ್ಧತಿ ಎಂಬುದಕ್ಕಿಂತ ಹೆಚ್ಚು ಕೆಡುಕು ಮಾಡಿದ್ದು ಪದ್ಧತಿಯನ್ನು ಚುನಾವಣೆಯಿಂದ ಚುನಾವಣೆಗೆ ಬದಲಾಯಿಸುವುದು. ಮತದಾರನಿಗೆ ತನ್ನ ಓಟಿನ ಬೆಲೆ ಎಷ್ಟೆಂಬುದೇ ತಿಳಿಯದಂತಾಗುತ್ತದೆ.

ಹೊಸೂರಿನವರದೇ ಇನ್ನೊಂದು ಪ್ರಶ್ನೆ: ಮದ್ರಾಸಿನ ಮೊದಲ ಮೇಯರನ್ನು ಯಾರು ಆರಿಸಿದರು?

ಯಾರೂ ಆರಿಸಲಿಲ್ಲ. ಈಸ್ಟ್ ಇಂಡಿಯಾ ಕಂಪನಿಯ 1687ರ ಡಿಸೆಂಬರ್ 30ರ ಸನ್ನದಿನಲ್ಲೇ ನತಾನಿಯಲ್ ಹಿಗಿನ್ಸನ್ ಅವರ ಹೆಸರಿತ್ತು. ಒಬ್ಬ ಮೇಯರ್, 12 ಆಲ್ಡರ್‌ಮನ್, 60 ಬರ್ಜೆಸ್ (ಮೊದಲಿನವರು ಹಿರಿಯ ಸದಸ್ಯರು, ಎರಡನೆಯವರು ಊರಿನ ಸಾಮಾನ್ಯ ಪ್ರತಿನಿಧಿಗಳು) ಎಂಬ ಲೆಕ್ಕದಲ್ಲಿ ಕಾರ್ಪೊರೇಷನ್ 1688ರ ಸೆಪ್ಟೆಂಬರ್ 29ರಂದು ಶುರುವಾಯಿತು. ಮುಂದೆ ಬಹುಕಾಲ ಮುಖ್ಯಸ್ಥರಿಗೆ 'ಪ್ರೆಸಿಡೆಂಟ್' ಎಂಬ ಹೆಸರಿತ್ತು. 'ಮೇಯರ್' ಪದವಿ ಮರಳಿದ್ದು 1933ರಲ್ಲಿ, ಆಗ ಆ ಸ್ಥಾನಕ್ಕೆ ಬಂದವರು ರಾಜಾ ಮುತ್ತಯ್ಯ ಚೆಟ್ಟಿಯಾರ್. ತಾರಾ ಚೆರಿಯನ್ 1957ರಲ್ಲಿ ಅಲ್ಲಿನ ಮೊದಲ ಮಹಿಳಾ ಮೇಯರಾದರು.

ಅಕ್ಕಲಕೋಟೆಯಿಂದ: ನಮ್ಮೂರಲ್ಲಿ ನಗರಾಧ್ಯಕ್ಷರಿಗೆ ನಾವೇ ಓಟು ಹಾಕ್ತೀವಿ. ಹತ್ತಿರದ ಸೊಲ್ಲಾಪುರದವರು ಮಹಾಪೌರರಿಗೆ (ಮೇಯರಿಗೆ) ಹಾಕೋದಿಲ್ಲ. ದೊಡ್ಡ ಊರಿಗೆ ಕಡಿಮೆ ಹಕ್ಕು ಯಾಕೆ?

ಎರಡು ಊರುಗಳ ಕಾನೂನು ಬೇರೆ ಬೇರೆ. ಅಕ್ಕಲಕೋಟೆ ನಗರಪರಿಷತ್ತಿಗೆ 1965ರ ಮಹಾರಾಷ್ಟ್ರ ನಗರಪರಿಷತ್ ಕಾನೂನು ಅನ್ವಯಿಸುತ್ತದೆ. ಸೊಲ್ಲಾಪುರ 1964ರಲ್ಲಿ ಮಹಾನಗರಪಾಲಿಕೆಯಾಗಿ 1949ರ ಮುಂಬೈ ಪ್ರಾಂತೀಯ ಮಹಾನಗರಪಾಲಿಕೆ ಕಾನೂನಿನಡಿ ಬಂತು. ನಗರಪರಿಷತ್ತುಗಳಲ್ಲಿ ಅಧ್ಯಕ್ಷರ ನೇರ ಆಯ್ಕೆ 1974, 2001, 2016, 2025ರ ಚುನಾವಣೆಗಳಲ್ಲಿ ನಡೆದಿದೆ. ನಡುವೆ ಸದಸ್ಯರೇ ಆರಿಸಿದ ಕಾಲವೂ ಇದೆ. ಪಾಲಿಕೆಯ ಮಹಾಪೌರರನ್ನು ಮಾತ್ರ ನಗರಸೇವಕರೇ (ಕೌನ್ಸಿಲರುಗಳೇ) ಆರಿಸುತ್ತಾರೆ. ಅವಧಿ ಎರಡೂವರೆ ವರ್ಷ, ಯಾವ ವರ್ಗಕ್ಕೆ ಮೀಸಲು ಎಂಬುದು ಚೀಟಿ ಎತ್ತಿ ತೀರ್ಮಾನ.

ಹಕ್ಕಿನ ಮಾತಿಗೆ ಬಂದರೆ, ಹುದ್ದೆಯ ಹೆಸರಿಗಿಂತ ಹಣದ ಕೀಲಿ ಎಲ್ಲಿದೆ ಎಂದು ನೋಡಿ. ಪಾಲಿಕೆಯ ಕಾರ್ಯಾಂಗದ ಅಧಿಕಾರ ಸರ್ಕಾರ ನೇಮಿಸಿದ ಆಯುಕ್ತರದ್ದು. ದೊಡ್ಡ ಗುತ್ತಿಗೆಗಳು 16 ಸದಸ್ಯರ ಸ್ಥಾಯಿ ಸಮಿತಿಯ ಮುಂದೆ ಹೋಗುತ್ತವೆ. ಮಹಾಪೌರರು ಸಭೆ ನಡೆಸುವವರು. ಹಾಗಾಗಿ ಹಳೆಯ ಪತ್ರಿಕೆಗಳಲ್ಲಿ ಸೊಲ್ಲಾಪುರದ ರಾಜಕಾರಣ ಹುಡುಕುವವರು ಮಹಾಪೌರರ ಪಟ್ಟಿಯೊಂದಿಗೆ ಸ್ಥಾಯಿ ಸಮಿತಿಯ ಸಭಾಪತಿಗಳ ಪಟ್ಟಿಯನ್ನೂ ನೋಡಬೇಕು.

ಇನ್ನೊಂದು ಗೊಂದಲ ಓಟಿನ ಲೆಕ್ಕದ್ದು. ಸೊಲ್ಲಾಪುರದಲ್ಲಿ 2017ರಲ್ಲಿ 26 ಪ್ರಭಾಗಗಳಿಂದ (ವಾರ್ಡುಗಳಿಂದ) 102 ನಗರಸೇವಕರು. ಹೆಚ್ಚಿನ ಪ್ರಭಾಗಗಳಲ್ಲಿ ನಾಲ್ಕು ಸ್ಥಾನ, ಒಬ್ಬ ಮತದಾರನಿಗೆ ನಾಲ್ಕು ಓಟು, ಪ್ರತಿ ಸ್ಥಾನಕ್ಕೆ ಒಂದು. ಪಕ್ಷಗಳಿಗೆ ಬಂದ ಓಟುಗಳನ್ನೆಲ್ಲ ಕೂಡಿಸಿ ಮತದಾರರ ಸಂಖ್ಯೆಯಿಂದ ಭಾಗಿಸಿದರೆ ಶೇಕಡಾ 100 ದಾಟುತ್ತದೆ. ಒಂದೊಂದು ಸ್ಥಾನಕ್ಕೂ ಬೇರೆಯಾಗಿಯೇ ಲೆಕ್ಕ ಹಾಕಿ.

ರಾಯದುರ್ಗದಿಂದ: ಪುರಸಭೆಯ ಅಧ್ಯಕ್ಷರ ಆಯ್ಕೆಯಲ್ಲಿ ಶಾಸಕರು ಓಟು ಹಾಕುವುದು ಕಾನೂನುಬದ್ಧವೇ?

ಆಂಧ್ರದಲ್ಲಿ ಹೌದು. ಅಲ್ಲಿನ ಶಾಸಕರು, ಸಂಸದರು ಪದನಿಮಿತ್ತ (ತಮ್ಮ ಹುದ್ದೆಯ ಕಾರಣಕ್ಕೆ) ಸದಸ್ಯರಾಗಿ ಅಧ್ಯಕ್ಷರ ಆಯ್ಕೆಯಲ್ಲಿ ಓಟು ಹಾಕಬಹುದು. ಬಲ ಸಮವಾಗಿದ್ದಲ್ಲಿ ಅವರ ಒಂದೆರಡು ಓಟೇ ನಿರ್ಣಾಯಕ. ನಾಮನಿರ್ದೇಶಿತ ತಜ್ಞ ಸದಸ್ಯರಿಗೆ ಮಾತ್ರ ಸಂವಿಧಾನದ ಪ್ರಕಾರ ಯಾವ ರಾಜ್ಯದಲ್ಲೂ ಸಭೆಯಲ್ಲಿ ಓಟಿಲ್ಲ.

ಕಾಸರಗೋಡಿನಿಂದ: ನಗರಸಭೆಯಲ್ಲಿ ಯಾರಿಗೂ ಬಹುಮತ ಬಾರದಿದ್ದರೆ ಅಧ್ಯಕ್ಷರ ಆಯ್ಕೆ ಹೇಗೆ? ಚೀಟಿ ಎತ್ತುತ್ತಾರೆ ಎನ್ನುತ್ತಾರೆ, ನಿಜವೇ?

ಬಹುಮತ ಇಲ್ಲದಿದ್ದರೆ ಚೀಟಿ ಎಂಬುದು ತಪ್ಪು ತಿಳಿವಳಿಕೆ. ಓಟು ಸಮವಾದಾಗ ಮಾತ್ರ ಚೀಟಿ.

ಕೇರಳದಲ್ಲಿ 1994ರ ಮುನ್ಸಿಪಾಲಿಟಿ ಕಾನೂನಿನ ಪ್ರಕಾರ ಕೌನ್ಸಿಲರುಗಳು ತಮ್ಮೊಳಗಿನಿಂದಲೇ ಅಧ್ಯಕ್ಷರನ್ನು ಆರಿಸುತ್ತಾರೆ. ಅರ್ಧದಷ್ಟು ಸದಸ್ಯರಾದರೂ ಹಾಜರಿರಬೇಕು. ಕೋರಂ ಇಲ್ಲದಿದ್ದರೆ ಮುಂದಿನ ಕೆಲಸದ ದಿನಕ್ಕೆ ಸಭೆ ಹೋಗುತ್ತದೆ, ಆ ದಿನ ಕೋರಂ ನೋಡುವುದಿಲ್ಲ. ಆದ್ದರಿಂದ ಸಭೆಗೆ ಹೋಗದೆ ಆಯ್ಕೆ ತಪ್ಪಿಸುವ ಉಪಾಯ ಒಂದು ದಿನಕ್ಕಷ್ಟೇ. ಓಟು ಗುಟ್ಟಿನದ್ದಲ್ಲ. ಮತಪತ್ರದ ಹಿಂದೆ ಕೌನ್ಸಿಲರ್ ತನ್ನ ಹೆಸರು ಬರೆದು ಸಹಿ ಹಾಕಬೇಕು. ಸಹಿ ಬಿಟ್ಟರೆ ಓಟು ಅಸಿಂಧು. ಹೊಸದಾಗಿ ಗೆದ್ದವರು ಎಡವುವುದು ಹೆಚ್ಚಾಗಿ ಇಲ್ಲೇ.

39 ಸದಸ್ಯರ ಸಭೆಯಲ್ಲಿ ಮೂವರು ಉಮೇದುವಾರರಿಗೆ 17, 12, 10 ಓಟು ಬಂತೆನ್ನಿ. ಗೆಲ್ಲಲು ಉಳಿದವರ ಒಟ್ಟು ಓಟಿಗಿಂತ ಹೆಚ್ಚು ಬೇಕು. 17 ಎಂಬುದು 22ಕ್ಕಿಂತ ಕಡಿಮೆ, ಆದ್ದರಿಂದ ಯಾರೂ ಗೆದ್ದಿಲ್ಲ. 10 ಬಂದವರು ಕಣದಿಂದ ಹೊರಗೆ, ಮತ್ತೆ ಮತದಾನ. ಎರಡನೆಯ ಸುತ್ತಿನಲ್ಲಿ ಆ ಹತ್ತು ಮಂದಿ ಯಾರಿಗೂ ಹಾಕದೆ ಕುಳಿತರೆ 17–12ರಲ್ಲಿ ಮೊದಲಿನವರು ಗೆಲ್ಲುತ್ತಾರೆ. ಬಹುಮತವಿಲ್ಲದ ಪಕ್ಷ ಆಡಳಿತಕ್ಕೆ ಬರುವುದು ಹೀಗೆ. ಇದರಲ್ಲಿ ಅಕ್ರಮವೇನೂ ಇಲ್ಲ. ಕೊನೆಗುಳಿದ ಇಬ್ಬರಿಗೂ ಸಮ ಓಟು ಬಂದರೆ ಆಗ ಚೀಟಿ, ಹೆಸರು ಬಂದವರೇ ಅಧ್ಯಕ್ಷರು. ಹಿಂದೆ ಕಾಸರಗೋಡಿನಲ್ಲಿ 38 ವಾರ್ಡುಗಳಿದ್ದಾಗ 19–19ಕ್ಕೆ ಎಡೆಯಿತ್ತು. ಈಗಿನ 39ರಲ್ಲಿ ಎಲ್ಲರೂ ಬಂದು ಸರಿಯಾಗಿ ಓಟು ಹಾಕಿದರೆ ಇಬ್ಬರ ನಡುವೆ ಸಮವಾಗದು, ಆದರೆ ಒಬ್ಬರು ಗೈರಾದರೂ ಸಾಕು, ಮತ್ತೆ ಸಮವಾಗಬಹುದು.

ಪಕ್ಷದ ವಿಪ್ (ಹೀಗೆಯೇ ಓಟು ಹಾಕಬೇಕೆಂಬ ಆದೇಶ) ಮೀರಿ ಓಟು ಹಾಕಿದವರ ಮೇಲೆ 1999ರ ಪಕ್ಷಾಂತರ ನಿಷೇಧ ಕಾನೂನಿನಡಿ ದೂರು ಕೊಡಬಹುದು. ಸಾಬೀತಾದರೆ ಸದಸ್ಯತ್ವ ಹೋಗುವುದಲ್ಲದೆ ಆರು ವರ್ಷ ಸ್ಪರ್ಧಿಸುವಂತಿಲ್ಲ. ಪಕ್ಷಾಂತರದ ಬಗ್ಗೆ ಶಾಸಕರಿಗಿರುವ ಸಂವಿಧಾನದ ಹತ್ತನೇ ಅನುಸೂಚಿ ಕೌನ್ಸಿಲರುಗಳಿಗೆ ಅನ್ವಯಿಸುವುದಿಲ್ಲ, ಅದಕ್ಕಾಗಿಯೇ ರಾಜ್ಯದ ಈ ಬೇರೆ ಕಾನೂನು.

ಸ್ಪರ್ಧಿಸುವ ಕನ್ನಡಿಗರಿಗೆ ಒಂದು ಮಾತು. ಭಾಷಾ ಅಲ್ಪಸಂಖ್ಯಾತ ಪ್ರದೇಶದ ವಾರ್ಡುಗಳಲ್ಲಿ ಮತಪತ್ರದ ಮೇಲೆ ಮಲಯಾಳದ ಜೊತೆ ಕನ್ನಡದಲ್ಲೂ ಹೆಸರು ಮುದ್ರಿಸುತ್ತಾರೆ. ಮಲಯಾಳದಿಂದ ಕನ್ನಡಕ್ಕೆ ಬರುವಾಗ ಮನೆತನದ ಹೆಸರು, ಇನಿಷಿಯಲ್ ತಪ್ಪಾಗಿ ಬೀಳುವುದುಂಟು. ಒಂದೇ ಹೆಸರಿನ ಇಬ್ಬರು ಕಣದಲ್ಲಿದ್ದರೆ ಅಷ್ಟರಿಂದಲೇ ಓಟು ಹಂಚಿಹೋಗುತ್ತದೆ. ನಾಮಪತ್ರದಲ್ಲೇ ಕನ್ನಡದ ಹೆಸರನ್ನು ಸ್ಪಷ್ಟವಾಗಿ ಬರೆದುಕೊಡಿ. ಅಂತಿಮ ಪಟ್ಟಿ ಬಂದ ದಿನವೇ ವರಣಾಧಿಕಾರಿಯ (ಚುನಾವಣಾಧಿಕಾರಿಯ) ಕಚೇರಿಯಲ್ಲಿ ಓದಿ ನೋಡಿ. ಮುದ್ರಣವಾದ ಮೇಲೆ ತಿದ್ದಿಸುವುದು ಬಲು ಕಷ್ಟ.

ಬದಿಯಡ್ಕದಿಂದ: ನಮ್ಮ ಅಜ್ಜ ಸ್ಥಳೀಯ ಚುನಾವಣೆಯಲ್ಲಿ ಗೆದ್ದಿದ್ದರೆಂದು ಮನೆಯಲ್ಲಿ ಹೇಳುತ್ತಾರೆ. ದಾಖಲೆ ಎಲ್ಲಿ ಸಿಗಬಹುದು?

ಮೊದಲು ವರ್ಷ ಗೊತ್ತುಮಾಡಿಕೊಳ್ಳಿ. ಕೇರಳದಲ್ಲಿ ಪಂಚಾಯತುಗಳ ಸಾರ್ವತ್ರಿಕ ಚುನಾವಣೆ 1963ರ ಬಳಿಕ ನಡೆದದ್ದು 1979ರಲ್ಲಿ, ಆಮೇಲೆ 1988ರಲ್ಲಿ. 1995ರಿಂದ ಐದು ವರ್ಷಕ್ಕೊಮ್ಮೆ ತಪ್ಪದೆ ನಡೆದಿದೆ. ಮನೆಯವರು '1972ರ ಸುಮಾರಿಗೆ ಗೆದ್ದರು' ಎಂದರೆ, ಅದು 1963ರಲ್ಲಿ ಗೆದ್ದು ಅವಧಿ ಎಳೆದು ಮುಂದುವರಿದ ಕಾಲವಿರಬಹುದು. ಹುಡುಕಾಟವನ್ನು 1963ರಿಂದ ಶುರುಮಾಡಿ.

ಎರಡನೆಯದು ಆಗ ಊರು ಯಾವ ಆಡಳಿತದಲ್ಲಿತ್ತು ಎಂಬುದು. 1956ರ ಅಕ್ಟೋಬರ್ 31ರವರೆಗೆ ಕಾಸರಗೋಡು ತಾಲೂಕು ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯದ್ದು. 1957ರಿಂದ 1984ರ ಮೇ 23ರವರೆಗೆ ಕಣ್ಣೂರು ಜಿಲ್ಲೆಯದ್ದು. ಮದ್ರಾಸ್ ಕಾಲದ ಅಧಿಸೂಚನೆಗಳಿಗೆ ಫೋರ್ಟ್ ಸೇಂಟ್ ಜಾರ್ಜ್ ಗೆಜೆಟ್ ನೋಡಬೇಕು. ಅದೂ ಸರ್ಕಾರಿ ಆದೇಶಗಳೂ ಚೆನ್ನೈ ಎಗ್ಮೋರಿನ ತಮಿಳುನಾಡು ಪತ್ರಾಗಾರದಲ್ಲಿವೆ. ಆದೇಶಗಳನ್ನು 'ಲೋಕಲ್ ಅಂಡ್ ಮುನಿಸಿಪಲ್', 'ಲೋಕಲ್ ಸೆಲ್ಫ್ ಗವರ್ನಮೆಂಟ್' ಎಂಬ ಇಲಾಖೆಗಳ ಹೆಸರಿನಡಿ ಕೇಳಿ. ಜಿಲ್ಲೆ, ವರ್ಷ, ಇಲಾಖೆ ಮೂರೂ ಹೇಳದಿದ್ದರೆ ಕಡತ ಸಿಗುವುದಿಲ್ಲ. 1956ರ ನವೆಂಬರಿನ ನಂತರದ್ದಕ್ಕೆ ಕೇರಳ ಗೆಜೆಟ್. 1995ರಿಂದ ಈಚಿನ ಫಲಿತಾಂಶ ರಾಜ್ಯ ಚುನಾವಣಾ ಆಯೋಗದಲ್ಲಿದೆ.

ಇವೆಲ್ಲಕ್ಕಿಂತ ಮೊದಲು ಪಂಚಾಯತು ಕಚೇರಿಯ ಹಳೆಯ ನಿರ್ಣಯ ಪುಸ್ತಕ ಕೇಳಿ. ಪ್ರತಿ ಸಭೆಯ ಆರಂಭದಲ್ಲಿ ಹಾಜರಿದ್ದ ಸದಸ್ಯರ ಹೆಸರು, ಸಹಿ ಇರುತ್ತದೆ. ಗೆದ್ದದ್ದಕ್ಕೆ ಮಾತ್ರವಲ್ಲ, ಕೆಲಸ ಮಾಡಿದ್ದಕ್ಕೂ ಅದು ಸಾಕ್ಷಿ. ಬಾಯಿಮಾತಿಗೆ ಕೊಡದಿದ್ದರೆ 10 ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನ ಅರ್ಜಿ ಹಾಕಿ, 30 ದಿನದೊಳಗೆ ಉತ್ತರ ಬರಬೇಕು. 1969ರ ಕೇರಳ ಅಧಿಕೃತ ಭಾಷಾ ಕಾನೂನಿನಲ್ಲಿ ಕನ್ನಡಿಗರು ಇಲ್ಲಿನ ಸರ್ಕಾರಿ ಕಚೇರಿಗಳೊಂದಿಗೆ ಕನ್ನಡದಲ್ಲೇ ವ್ಯವಹರಿಸಲು ಅವಕಾಶವಿದೆ, ಅರ್ಜಿಯಲ್ಲಿ ಅದನ್ನು ನಮೂದಿಸಿ. 'ಅಜ್ಜನ ಎಲ್ಲ ದಾಖಲೆ ಕೊಡಿ' ಎಂದು ಬರೆದರೆ 'ಲಭ್ಯವಿಲ್ಲ' ಎಂಬ ಒಂದೇ ಸಾಲು ಬರುತ್ತದೆ. 'ಇಂಥ ವರ್ಷದಿಂದ ಇಂಥ ವರ್ಷದವರೆಗಿನ ನಿರ್ಣಯ ಪುಸ್ತಕವನ್ನು ಕಚೇರಿಯಲ್ಲಿ ಪರಿಶೀಲಿಸಲು ಅವಕಾಶ ಕೊಡಿ' ಎಂದು ಕೇಳಿ.

ಹೆಸರು ಹುಡುಕುವಾಗ ಇಂಗ್ಲಿಷ್ ಕಾಗುಣಿತವನ್ನು ನಂಬಬೇಡಿ. ಶೆಟ್ಟಿ, ಭಟ್, ರೈ, ಬ್ಯಾರಿ ಎಲ್ಲವೂ ನಾಲ್ಕಾರು ಬಗೆಯಲ್ಲಿ ಬರೆಯಲ್ಪಟ್ಟಿವೆ, ಹಲವೆಡೆ ಮನೆಯ ಹೆಸರೇ ಮೊದಲು ಬರುತ್ತದೆ. ಬ್ರಿಟಿಷರ ಕಾಲದ ಪಟ್ಟಿ ಸಿಕ್ಕಿದರೆ ಹೆಸರಿನ ಮುಂದೆ 'ಚುನಾಯಿತ' ಎಂದಿದೆಯೋ 'ನಾಮನಿರ್ದೇಶಿತ' ಎಂದಿದೆಯೋ ನೋಡಿ. ಆಗ ಎರಡೂ ಬಗೆಯ ಸದಸ್ಯರು ಒಂದೇ ಸಭೆಯಲ್ಲಿ ಕೂರುತ್ತಿದ್ದರು. ತೆರಿಗೆ ಕಟ್ಟುವವರಿಗಷ್ಟೇ ಓಟು ಇದ್ದ ಕಾಲವಾದ್ದರಿಂದ ಗೆದ್ದವರ ಓಟಿನ ಸಂಖ್ಯೆ ತೀರಾ ಚಿಕ್ಕದಾಗಿ ಕಂಡರೆ ಮುದ್ರಣದೋಷ ಎಂದುಕೊಂಡು ತಿದ್ದಿಬಿಡಬೇಡಿ, ಇದ್ದಂತೆಯೇ ಬರೆದುಕೊಳ್ಳಿ.